ಬಂಗುಡೆ, ಸಿಗಡಿ, ಗೊದಮೊಟ್ಟೆ: ಕಾರ್ಡೇಟ್ ಪ್ರಾಣಿಗಳನ್ನು ಮನೆಯಲ್ಲೇ ಗುರುತಿಸುವುದು ಹೇಗೆ?

ಕಾಸರಗೋಡಿನಲ್ಲಿ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಹನ್ನೊಂದನೆಯ ತರಗತಿಯ, ಅಂದರೆ ಪ್ಲಸ್ ವನ್‌ನ ಮೊದಲ ತಿಂಗಳುಗಳು ಸುಲಭ ಅಲ್ಲ. ಜೀವಶಾಸ್ತ್ರದ ಪುಸ್ತಕ ಇಂಗ್ಲಿಷಿಗೆ ತಿರುಗುತ್ತದೆ. ಪ್ರಾಣಿಲೋಕದ ಪಾಠ ಶುರುವಾದ ಕೂಡಲೇ ನೋಟೊಕಾರ್ಡ್, ಫ್ಯಾರಿಂಕ್ಸ್, ಎಂಡೊಸ್ಟೈಲ್ ಅಂತ ಹೆಸರುಗಳ ಸಾಲು ನುಗ್ಗುತ್ತದೆ. ಹೆಚ್ಚಿನವರು ಉರು ಹೊಡೆದು ಪರೀಕ್ಷೆ ದಾಟಿಬಿಡುತ್ತಾರೆ.

ಆದರೆ ಈ ಹೆಸರುಗಳ ಹಿಂದಿನ ವಸ್ತುವನ್ನು ಕಣ್ಣಾರೆ ನೋಡಲು ನಮ್ಮ ಜಿಲ್ಲೆ ತುಂಬಾ ಒಳ್ಳೆಯ ಜಾಗ. ಒಂದು ಕಡೆ ಕಡಲು, ಇನ್ನೊಂದು ಕಡೆ ಅಡಿಕೆ ತೋಟ, ನಡುವೆ ಹೊಳೆ, ಕೆರೆ, ಸುರಂಗ. ಬೆಳಗ್ಗೆ ಮೀನಿನವನ ಸ್ಕೂಟರ್ ಹಾರ್ನ್ ಕೇಳಿದರೆ ಸಾಕು, ಅರ್ಧ ಪಾಠ ಮನೆ ಬಾಗಿಲಿಗೇ ಬಂತು. ಮಗ ಅಥವಾ ಮಗಳ ಜೊತೆ ಕೂತು ನೋಡಬೇಕು ಅನ್ನುವ ಅಪ್ಪ ಅಮ್ಮಂದಿರಿಗೂ, ಪಾಠ ಮಾಡುವವರಿಗೂ ಇದು ಉಪಯೋಗವಾದೀತು.

ಕಾರ್ಡೇಟ್ ಅಂದರೆ ನೋಟೊಕಾರ್ಡ್ ಇರುವ ಪ್ರಾಣಿಗಳ ಗುಂಪು. ಅವುಗಳಲ್ಲಿ ಹುಡುಕಬೇಕಾದ ಗುರುತುಗಳು ಐದು. ಬೆನ್ನಿನ ಉದ್ದಕ್ಕೂ ಹೋಗುವ, ಬಾಗಿದರೂ ಕುಗ್ಗದ ನೋಟೊಕಾರ್ಡ್ ಎಂಬ ದಂಡ. ಅದರ ಮೇಲ್ಗಡೆ, ಅಂದರೆ ಬೆನ್ನಿನ ಚರ್ಮದ ಕಡೆಗೆ, ಒಳಗೆ ಟೊಳ್ಳಾದ ನರಹುರಿ. ಗಂಟಲಿನ ಗೋಡೆಯಲ್ಲಿ ಸೀಳುಗಳು. ಗುದದಿಂದ ಆಚೆಗೂ ಮುಂದುವರಿಯುವ ಬಾಲ. ಕೊನೆಯದಾಗಿ, ಗಂಟಲಿನ ತಳದಲ್ಲಿ ಅಂಟು ಸುರಿಸುವ ಎಂಡೊಸ್ಟೈಲ್ ಎಂಬ ತೋಡು, ಇಲ್ಲವೇ ಅದರಿಂದ ರೂಪುಗೊಂಡ ಥೈರಾಯ್ಡ್ ಗ್ರಂಥಿ.

ಹೆಜ್ಜೆ 1: ಬೆನ್ನೆಲುಬಿನ ಪ್ರಶ್ನೆಯನ್ನು ಬದಿಗಿಡಿ

ಪ್ರಾಣಿಯನ್ನು ಕಂಡ ಕೂಡಲೇ "ಇದಕ್ಕೆ ಬೆನ್ನೆಲುಬು ಇದೆಯಾ?" ಅಂತ ಕೇಳುವುದು ನಮಗೆಲ್ಲ ರೂಢಿ. ಆ ಪ್ರಶ್ನೆ ಕಶೇರುಕಗಳನ್ನು ಗುರುತಿಸಲು ಸರಿ. ಕಾರ್ಡೇಟ್‌ಗಳಿಗೆ ಸಾಲದು. ಕಶೇರುಕಗಳೆಲ್ಲ ಕಾರ್ಡೇಟ್‌ಗಳೇ, ಆದರೆ ಬೆನ್ನೆಲುಬೇ ಇಲ್ಲದ ಕಾರ್ಡೇಟ್‌ಗಳೂ ಕಡಲಲ್ಲಿವೆ. ಅವುಗಳ ವಿಷಯ ಆಮೇಲೆ ಬರುತ್ತದೆ.

ಕೇಳಬೇಕಾದ ಪ್ರಶ್ನೆ ಇದು: ಈ ಪ್ರಾಣಿಯ ಬದುಕಿನ ಯಾವುದಾದರೂ ಒಂದು ಹಂತದಲ್ಲಿ ಆ ಐದು ಗುರುತುಗಳು ಕಾಣಿಸಿಕೊಂಡವಾ? ಮೊಟ್ಟೆಯೊಳಗೆ, ಹೊಟ್ಟೆಯೊಳಗೆ, ಮರಿಯಾಗಿದ್ದಾಗ, ಯಾವಾಗ ಬೇಕಾದರೂ ಆಗಬಹುದು. ದೊಡ್ಡದಾದ ಮೇಲೆ ಮಾಯವಾದರೂ ಲೆಕ್ಕಕ್ಕೆ ಬರುತ್ತದೆ. ಪಾಠದಲ್ಲಿ ಮಕ್ಕಳು ಎಡವುವುದು ಜಾಸ್ತಿ ಇಲ್ಲೇ. ಮನುಷ್ಯನಿಗೆ ಬಾಲ ಎಲ್ಲಿದೆ, ಕಿವಿರು ಎಲ್ಲಿದೆ ಅಂತ ದೊಡ್ಡವರ ದೇಹದಲ್ಲಿ ಹುಡುಕುತ್ತಾರೆ. ಸಿಗುವುದಿಲ್ಲ. ಸಿಗದಿದ್ದಾಗ ಬಾಯಿಪಾಠವೇ ಗತಿ.

ಹೆಜ್ಜೆ 2: ಸಾಮಾನು ಹೊಂದಿಸಿ

ಒಂದು ಬಂಗುಡೆ, ಸ್ವಲ್ಪ ದೊಡ್ಡ ಗಾತ್ರದ ಒಂದು ಸಿಗಡಿ, ಒಂದು ಬೊಂಡಾಸ್ (ಸ್ಕ್ವಿಡ್), ಬಜೆಟ್ ಇದ್ದರೆ ಅಂಜಲ್ ಮೀನಿನ ಎರಡು ತುಂಡು. ಅಂಜಲ್ ತಗೊಳ್ಳುವಾಗ ಒಂದು ತುಂಡು ಹೊಟ್ಟೆಯ ಭಾಗದ್ದು, ಇನ್ನೊಂದು ಬಾಲದ ಕಡೆಯದ್ದು ಕೇಳಿ. ಜೊತೆಗೆ ಚೂಪಾದ ಕತ್ತರಿ, ತೆಳು ತೆಂಗಿನ ಕಡ್ಡಿ, ಬಿಳಿ ತಟ್ಟೆ, ಒಳ್ಳೆಯ ಬೆಳಕು. ಭೂತಗನ್ನಡಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಫೋನಿನ ಕ್ಯಾಮೆರಾವನ್ನು ಜೂಮ್ ಮಾಡಿ ನೋಡಬಹುದು. ಇದಕ್ಕಾಗಿ ಯಾವ ಪ್ರಾಣಿಯನ್ನೂ ಕೊಲ್ಲಬೇಕಾಗಿಲ್ಲ. ಹೇಗೂ ಸಾರಿಗೆ ಬೀಳುವ ಮೀನನ್ನೇ ಅರ್ಧ ಗಂಟೆ ಮೊದಲು ನೋಡುವುದಷ್ಟೆ.

ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ ಟ್ರಾಲಿಂಗ್ ನಿಷೇಧ ಇರುತ್ತದೆ. ಆಗ ನಾಡದೋಣಿಯ ಮೀನೇ ಗತಿ, ರೇಟೂ ಜಾಸ್ತಿ. ತೊಂದರೆ ಇಲ್ಲ, ಆ ದಿನಗಳಲ್ಲಿ ಗದ್ದೆ ತುಂಬ ಗೊದಮೊಟ್ಟೆ ಇರುತ್ತವೆ. ಎಂಟನೆಯ ಹೆಜ್ಜೆಯಿಂದ ಶುರುಮಾಡಿ. ಮೀನು ಮುಟ್ಟದ ಮನೆಯವರಿಗೂ ಅದೇ ದಾರಿ.

ಹೆಜ್ಜೆ 3: ನರಹುರಿ ಎಲ್ಲಿದೆ ನೋಡಿ

ಮೊದಲು ಸಿಗಡಿ. ಚಿಪ್ಪು ಸುಲಿದು ಬೆನ್ನಿನ ಉದ್ದಕ್ಕೆ ಸಣ್ಣಗೆ ಸೀಳಿ. ಕಪ್ಪು ದಾರವೊಂದು ಸಿಗುತ್ತದೆ. ಅಡುಗೆ ಮಾಡುವವರೆಲ್ಲ ಇದನ್ನು ಎಳೆದು ಬಿಸಾಡುತ್ತಾರೆ, ಹಲವರು "ನರ" ಅಂತಲೇ ಕರೆಯುತ್ತಾರೆ. ಇದು ನರವಲ್ಲ, ಸಿಗಡಿಯ ಕರುಳು. ಕಪ್ಪಾಗಿ ಕಾಣುವುದು ಅದು ತಿಂದದ್ದರ ಉಳಿಕೆ. ಈ ಒಂದು ದಾರವನ್ನು ನಂಬಿದರೆ ಸಿಗಡಿಯೂ ಕಾರ್ಡೇಟ್ ಆಗಿಬಿಡುತ್ತದೆ!

ಈಗ ಸಿಗಡಿಯನ್ನು ಅಂಗಾತ ಮಲಗಿಸಿ. ಈಜುಕಾಲುಗಳ ನಡುವಿನ ತೆಳು ಪೊರೆಯನ್ನು ಕತ್ತರಿಸಿ ಬಿಡಿಸಿದರೆ, ಹೊಟ್ಟೆಯ ಮಧ್ಯರೇಖೆಯಲ್ಲಿ ಬಿಳಿಯ ಸಣ್ಣ ಎಳೆಯೊಂದು ಹೋಗುತ್ತದೆ. ಅಲ್ಲಲ್ಲಿ ಸಣ್ಣ ಗಂಟುಗಳಿರುತ್ತವೆ. ನಿಜವಾದ ನರಹುರಿ ಇದು. ಹೊಟ್ಟೆಯ ಕಡೆ ಇದೆ, ಒಳಗೆ ಗಟ್ಟಿ, ಮೂಲದಲ್ಲಿ ಎರಡು ಎಳೆ ಸೇರಿ ಆದದ್ದು. ಎರೆಹುಳು, ಜಿರಳೆ, ತೆಂಗಿನ ಸುಳಿ ಕೊರೆಯುವ ಕುರುವಾಯಿ ಹುಳು, ಎಲ್ಲದರಲ್ಲೂ ಇದೇ ಏರ್ಪಾಡು.

ಇನ್ನು ಅಂಜಲ್ ತುಂಡು. ನಡುವೆ ದುಂಡನೆಯ ಮೂಳೆ ಇದೆ ಅಲ್ವಾ? ಅದರ ಮೇಲ್ಗಡೆ, ಬೆನ್ನಿನ ಕಡೆ, ಮೂಳೆಯ ಸಣ್ಣ ಕಮಾನು. ಕಮಾನಿನೊಳಗೆ ತೂತು. ತೂತಿನಲ್ಲಿ ಬೆಳ್ಳಗಿನ ಮೆತ್ತನೆಯ ಹುರಿ. ಕಡ್ಡಿಯಿಂದ ಮೆಲ್ಲನೆ ತಳ್ಳಿದರೆ ಹೊರಬರುತ್ತದೆ. ಬಾಲದ ಕಡೆಯ ತುಂಡಿನಲ್ಲಿ ಮೂಳೆಯ ಕೆಳಗೂ ಇನ್ನೊಂದು ತೂತು ಕಾಣುತ್ತದೆ. ಅದರಲ್ಲಿ ಹೋಗುವುದು ರಕ್ತನಾಳ. ಹೊಟ್ಟೆಯ ತುಂಡಿನಲ್ಲಿ ಕೆಳಗಿನ ತೂತು ಇರುವುದಿಲ್ಲ. ಬದಲಿಗೆ ಮೂಳೆಗೆ ಅಂಟಿಕೊಂಡು ಕಡುಗೆಂಪು ಪಟ್ಟಿ ಇರುತ್ತದೆ. ರಕ್ತ ಹೆಪ್ಪುಗಟ್ಟಿದೆ ಅಂತ ನಾವು ಉಗುರಿನಿಂದ ಕೆರೆದು ತೊಳೆಯುತ್ತೇವಲ್ಲ, ಅದು ಮೀನಿನ ಮೂತ್ರಪಿಂಡ.

ಮೀನಿನ ಹುರಿ ಟೊಳ್ಳು ಅನ್ನುವುದು ಬರಿಗಣ್ಣಿಗೆ ಕಾಣದು, ಒಳಗಿನ ಕೊಳವೆ ಅಷ್ಟು ಸಣ್ಣದು. ಟೊಳ್ಳು ಯಾಕೆ ಅಂದರೆ, ಅದು ಹುಟ್ಟುವ ರೀತಿಯೇ ಹಾಗೆ. ಭ್ರೂಣದ ಬೆನ್ನಿನ ಮೇಲೆ ಒಂದು ಹಾಳೆ ದಪ್ಪವಾಗುತ್ತದೆ. ಅದರ ಎರಡು ಅಂಚುಗಳು ಎದ್ದು, ಬಾಗಿ, ಒಂದಕ್ಕೊಂದು ಕೂಡಿಕೊಂಡು ಕೊಳವೆಯಾಗುತ್ತದೆ. ಕೊಳವೆಯ ಮುಂದಿನ ತುದಿ ಉಬ್ಬಿ ಮೆದುಳು, ಉಳಿದದ್ದು ಮೆದುಳುಬಳ್ಳಿ. ಮನುಷ್ಯರಲ್ಲಿ ಈ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ ಸುಮಾರು 28 ದಿನದೊಳಗೆ. ಎಷ್ಟೋ ತಾಯಂದಿರಿಗೆ ಆಗ ಬಸುರಿ ಅನ್ನುವುದೇ ಗೊತ್ತಿರುವುದಿಲ್ಲ. ಕೊಳವೆ ಕೆಳಗೆ ಎಲ್ಲಾದರೂ ಮುಚ್ಚದೆ ಉಳಿದರೆ ಮಗುವಿಗೆ ಸ್ಪೈನಾ ಬೈಫಿಡಾ ಎಂಬ ತೊಂದರೆ ಬರುತ್ತದೆ. ಮಗು ಬೇಕೆನ್ನುವ ಹೆಂಗಸರಿಗೆ ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಶುರುಮಾಡಲು ಹೇಳುವುದು ಇದೇ ಕಾರಣಕ್ಕೆ. ಪಾಠಕ್ಕಿಂತ ಇದು ದೊಡ್ಡ ವಿಷಯ, ಮಕ್ಕಳಿಗೆ ಹೇಳಿಕೊಡಿ.

ಹೃದಯವನ್ನೂ ಇದೇ ಕೈಯಲ್ಲಿ ನೋಡಿಬಿಡಿ. ಬಂಗುಡೆಯ ಹೃದಯ ಕಿವಿರುಗಳ ಹಿಂದೆ, ಗಂಟಲಿನ ಅಡಿಯಲ್ಲಿ, ಹೊಟ್ಟೆಯ ಕಡೆ ಇರುತ್ತದೆ. ಸಿಗಡಿಯದ್ದು ತಲೆಚಿಪ್ಪಿನ ಹಿಂಭಾಗದಲ್ಲಿ, ಬೆನ್ನಿನ ಕಡೆ. ಅಂದರೆ ನರ, ಹೃದಯ ಎರಡೂ ಅದಲುಬದಲು.

ಹೆಜ್ಜೆ 4: ನೋಟೊಕಾರ್ಡ್‌ನ ಉಳಿಕೆ ಹುಡುಕಿ

ನೋಟೊಕಾರ್ಡ್ ಮೂಳೆಯಲ್ಲ, ಮೃದ್ವಸ್ಥಿಯೂ ಅಲ್ಲ. ದ್ರವ ತುಂಬಿ ಉಬ್ಬಿದ ಜೀವಕೋಶಗಳು, ಅವುಗಳ ಸುತ್ತ ಗಟ್ಟಿಯಾದ ನಾರಿನ ಕವಚ, ಇಷ್ಟೇ ಅದರ ರಚನೆ. ತೋಟಕ್ಕೆ ನೀರು ಬಿಡುವ ಹೋಸ್ ಪೈಪ್ ಖಾಲಿ ಇದ್ದಾಗ ಸೊರಗಿ ಬಿದ್ದಿರುತ್ತದೆ, ಪಂಪ್ ಚಾಲೂ ಆದ ಕೂಡಲೇ ಬಿಗಿಯುತ್ತದೆ. ನೋಟೊಕಾರ್ಡ್‌ನ ಬಿಗಿಯೂ ಅಂಥದ್ದೇ. ಒಂದು ಪಕ್ಕದ ಮಾಂಸಖಂಡ ಎಳೆದಾಗ ದೇಹ ಕುಗ್ಗಿ ಗಿಡ್ಡವಾಗುವುದಿಲ್ಲ, ಪಕ್ಕಕ್ಕೆ ಬಾಗುತ್ತದೆ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಗಿದರೆ ಈಜು.

ಬೆನ್ನೆಲುಬು ಬರುವ ಪ್ರಾಣಿಗಳಲ್ಲಿ ನೋಟೊಕಾರ್ಡ್ ಮೊದಲು ಬರುತ್ತದೆ, ಆಮೇಲೆ ಅದರ ಸುತ್ತ ಮೂಳೆಯ ಮಣಿಗಳು ಬೆಳೆದು ಅದನ್ನು ಅಲ್ಲಲ್ಲಿ ಹಿಸುಕಿಬಿಡುತ್ತವೆ. ಹಾಗಂತ ಪೂರ್ತಿ ಹೋಗುವುದಿಲ್ಲ. ಬೇಯಿಸಿದ ಬಂಗುಡೆಯ ನಡುಮುಳ್ಳನ್ನು ತಗೊಂಡು ಒಂದು ಮಣಿಯನ್ನು ಬಿಡಿಸಿ. ಎರಡೂ ತುದಿಯಲ್ಲಿ ಒಳಕ್ಕೆ ಗುಳಿ ಬಿದ್ದಿರುತ್ತದೆ. ಎರಡು ಮಣಿಗಳ ಗುಳಿಗಳು ಎದುರುಬದುರಾದ ಜಾಗದಲ್ಲಿ ಲೋಳೆಯಂಥದ್ದು ತುಂಬಿರುತ್ತದೆ. ಹಸಿ ಅಂಜಲ್‌ನಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಮೀನಿನ ಮುಳ್ಳು ಚೀಪುವವರಿಗೆ ಆ ರುಚಿ ಗೊತ್ತೇ ಇದೆ. ಅದೇ ನೋಟೊಕಾರ್ಡ್‌ನ ಉಳಿಕೆ.

ನಮ್ಮ ಬೆನ್ನಿನಲ್ಲೂ ಅಂಥದ್ದೇ ಉಳಿಕೆ ಇದೆ. ಎರಡು ಮೂಳೆಗಳ ನಡುವಿನ ಡಿಸ್ಕ್‌ನ ಒಳತಿರುಳು ನೋಟೊಕಾರ್ಡ್‌ನಿಂದ ಬಂದದ್ದು. ಡಿಸ್ಕ್ ಜಾರಿತು ಅನ್ನುತ್ತಾರಲ್ಲ, ಆಗ ಹೊರಕ್ಕೆ ಉಬ್ಬಿ ನರವನ್ನು ಒತ್ತುವುದು ಆ ತಿರುಳೇ. ಅಡಿಕೆ ಮೂಟೆ ಹೊತ್ತು ಸೊಂಟ ಹಿಡಿದವರಿಗೆ ಇದನ್ನು ಹೇಳಿ ಸಮಾಧಾನ ಮಾಡಲಾಗದು, ಅದು ಬೇರೆ ಮಾತು.

ಈಗ ಬೊಂಡಾಸ್ ತೆಗೆಯಿರಿ. ಇಲ್ಲೊಂದು ಒಳ್ಳೆಯ ಬಲೆ ಇದೆ. ಬೊಂಡಾಸ್ ಶುಚಿ ಮಾಡುವಾಗ ಬೆನ್ನಿನ ಒಳಗಿನಿಂದ ಉದ್ದನೆಯ, ಪಾರದರ್ಶಕ, ಬಾಗುವ ಪಟ್ಟಿಯೊಂದು ಬರುತ್ತದೆ. ಬೆನ್ನಿನ ಕಡೆ ಇದೆ, ಉದ್ದಕ್ಕೆ ಇದೆ, ಬಾಗುತ್ತದೆ. ನೋಟೊಕಾರ್ಡ್ ಅಂತ ಬರೆಯಲು ಇನ್ನೇನು ಬೇಕು? ಆದರೆ ಅದರಲ್ಲಿ ಜೀವಕೋಶಗಳೇ ಇಲ್ಲ. ಅದು ಕೈಟಿನ್ ಎಂಬ ಗಟ್ಟಿ ವಸ್ತುವಿನಿಂದ ಆದ ಪಟ್ಟಿ, ಬೊಂಡಾಸ್‌ನ ಪೂರ್ವಜರಿಗೆ ಹೊರಗಿದ್ದ ಚಿಪ್ಪು ಒಳಗೆ ಸೇರಿ ಉಳಿದ ರೂಪ. ಕಪ್ಪೆ ಬೊಂಡಾಸ್‌ನಲ್ಲಿ (ಕಟಲ್‌ಫಿಶ್) ಸಿಗುವ ಬಿಳಿಯ ಹಗುರವಾದ "ಮೂಳೆ"ಯೂ ಸುಣ್ಣದ ಚಿಪ್ಪೇ. ಇವೆರಡೂ ಬಸವನಹುಳು, ಮರುವಾಯಿಗಳ ಬಳಗ. ಮೀನಿನ ಬುಟ್ಟಿಯಲ್ಲಿ ಬಂದ ಮಾತ್ರಕ್ಕೆ ಮೀನು ಆಗುವುದಿಲ್ಲ.

ಹೆಜ್ಜೆ 5: ಗಂಟಲಿನ ಸೀಳಿಗೆ ಕಡ್ಡಿ ಹಾಕಿ

ಬಂಗುಡೆಯ ಬಾಯಿ ಅಗಲಿಸಿ ತೆಂಗಿನ ಕಡ್ಡಿಯನ್ನು ಒಳಗೆ ಬಿಡಿ. ಸ್ವಲ್ಪ ಓರೆ ಮಾಡಿದರೆ ಅದು ಕಿವಿರಿನ ಮುಚ್ಚಳದ ಕೆಳಗಿಂದ ಹೊರಗೆ ಬರುತ್ತದೆ. ಬಾಯಿಂದ ಗಂಟಲಿಗೆ, ಗಂಟಲಿನಿಂದ ನೇರ ಹೊರಗೆ. ನೋಡಬೇಕಾದದ್ದು ಆ ದಾರಿಯನ್ನು. ಮುಚ್ಚಳ ಎತ್ತಿದರೆ ಕೆಂಪು ಕಮಾನುಗಳು ಕಾಣುತ್ತವೆ, ಒಂದು ಪಕ್ಕಕ್ಕೆ ನಾಲ್ಕು. ಅವುಗಳ ನಡುವಿನ ಸಂದುಗಳೇ ಸೀಳುಗಳು. ತಾಟೆ (ಶಾರ್ಕ್) ಮೀನು ಮಾರುಕಟ್ಟೆಯಲ್ಲಿ ಕಂಡರೆ ಕತ್ತಿನ ಪಕ್ಕ ನೋಡಿ, ಹೆಚ್ಚಿನ ಜಾತಿಗಳಲ್ಲಿ ಐದು ಸೀಳು ಮುಚ್ಚಳವಿಲ್ಲದೆ ಬಯಲಲ್ಲೇ ಇರುತ್ತವೆ. ತೊರಕೆ (ರೇ) ಮೀನಿನಲ್ಲಿ ಅವು ಹೊಟ್ಟೆಯ ಅಡಿಗೆ ಹೋಗಿವೆ.

"ಸಿಗಡಿಗೂ ಏಡಿಗೂ ಕಿವಿರು ಇದೆಯಲ್ಲ?" ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಹೌದು, ಇದೆ. ಏಡಿಯ ಮೇಲ್ಚಿಪ್ಪು ಬಿಡಿಸಿದಾಗ ಪಕ್ಕದಲ್ಲಿ ಕಾಣುವ, ತಿನ್ನದೆ ಕಿತ್ತೆಸೆಯುವ ಬೂದು ಬಣ್ಣದ ಪುಚ್ಚಗಳೇ ಕಿವಿರು. ಆದರೆ ಅವು ಕಾಲುಗಳ ಬುಡಕ್ಕೆ ಅಂಟಿಕೊಂಡಿವೆ. ಗಂಟಲಿಗೂ ಅವಕ್ಕೂ ಸಂಬಂಧವಿಲ್ಲ. ಕಡ್ಡಿ ಹಾಕಿದರೆ ದಾರಿ ಸಿಗುವುದಿಲ್ಲ. ಹಾಗಾಗಿ ಕಿವಿರು ಇದೆಯಾ ಅಂತ ಕೇಳಬೇಡಿ, ಗಂಟಲಿನ ಗೋಡೆ ಸೀಳಿದೆಯಾ ಅಂತ ಕೇಳಿ.

ಸೀಳುಗಳ ಮೊದಲ ಕೆಲಸ ಉಸಿರಾಟ ಆಗಿರಲಿಲ್ಲ. ಬಾಯಿಗೆ ಬಂದ ನೀರನ್ನು ಹೊರಗೆ ಬಿಟ್ಟು, ಅದರಲ್ಲಿದ್ದ ಸಣ್ಣ ಆಹಾರವನ್ನು ಒಳಗೆ ಹಿಡಿದಿಟ್ಟುಕೊಳ್ಳುವುದು ಅವುಗಳ ಹಳೆಯ ಕೆಲಸ. ಬೂತಾಯಿ (ಸಾರ್ಡೀನ್) ಮೀನಿನ ಕಿವಿರು ಕಮಾನಿನ ಒಳಬದಿಯನ್ನು ನೋಡಿ. ಕೂದಲಿನಷ್ಟು ತೆಳುವಾದ ಹಲ್ಲುಗಳು ಒತ್ತೊತ್ತಾಗಿ ನಿಂತಿರುತ್ತವೆ. ಬೂತಾಯಿ ಇಂದಿಗೂ ಕಡಲ ಸೂಕ್ಷ್ಮಜೀವಿಗಳನ್ನು ಹೀಗೆ ಸೋಸಿಯೇ ಹೊಟ್ಟೆ ತುಂಬಿಸಿಕೊಳ್ಳುತ್ತದೆ.

ಮನುಷ್ಯನ ಭ್ರೂಣದಲ್ಲಿ ನಾಲ್ಕನೆಯ ವಾರದ ಹೊತ್ತಿಗೆ ಗಂಟಲಿನ ಪಕ್ಕ ಚೀಲಗಳು, ಹೊರಗಿನಿಂದ ತೋಡುಗಳು ಮೂಡುತ್ತವೆ. ಮೀನಿನಂತೆ ತೂತಾಗಿ ತೆರೆದುಕೊಳ್ಳುವುದಿಲ್ಲ, ಬೇರೆ ಕೆಲಸಕ್ಕೆ ತಿರುಗುತ್ತವೆ. ಮೊದಲನೆಯ ಚೀಲದಿಂದ ನಡುಕಿವಿ ಮತ್ತು ಅದನ್ನು ಗಂಟಲಿಗೆ ಸೇರಿಸುವ ಕೊಳವೆ ಆಗುತ್ತದೆ. ಪಾಣತ್ತೂರು ದಾರಿಯಲ್ಲಿ ಭಾಗಮಂಡಲಕ್ಕೆ ಘಾಟಿ ಹತ್ತುವಾಗ ಕಿವಿ ಕಟ್ಟಿ, ಎಂಜಲು ನುಂಗಿದ ಕೂಡಲೇ "ಟಪ್" ಅಂತ ಬಿಡುತ್ತದಲ್ಲ, ಆಗ ತೆರೆದದ್ದು ಆ ಕೊಳವೆ.

ಹೆಜ್ಜೆ 6: ಬಾಲವೋ ಅಲ್ಲವೋ? ಗುದ ನೋಡಿ ಹೇಳಿ

ಹಿಂದೆ ಉದ್ದಕ್ಕೆ ಚಾಚಿದ್ದೆಲ್ಲ ಬಾಲವಲ್ಲ. ಗುದ ಮುಗಿದ ಮೇಲೆ, ಕರುಳಿಲ್ಲದೆ, ಮಾಂಸ ಮತ್ತು ನೋಟೊಕಾರ್ಡ್ ಇಲ್ಲವೇ ಮೂಳೆಯಿಂದ ಮುಂದುವರಿದರೆ ಮಾತ್ರ ಕಾರ್ಡೇಟ್ ಬಾಲ. ಬಂಗುಡೆಯಲ್ಲಿ ಹೊಟ್ಟೆಯಡಿಯ ಹಿಂದಿನ ರೆಕ್ಕೆಗೆ ಸ್ವಲ್ಪ ಮುಂದೆಯೇ ಗುದದ ತೂತು ಇದೆ. ಅಲ್ಲಿಂದ ಹಿಂದಕ್ಕೆ ಎಲ್ಲವೂ ಬಾಲ. ಸಿಗಡಿಯಲ್ಲಿ ಆ ಕಪ್ಪು ದಾರ ಎಲ್ಲಿಯವರೆಗೆ ಹೋಗುತ್ತದೆ ಅಂತ ಹಿಂಬಾಲಿಸಿ. ಹೆಚ್ಚುಕಡಿಮೆ ತುದಿಯವರೆಗೂ ಹೋಗುತ್ತದೆ. ನಾವು ತಿನ್ನುವುದು ಸಿಗಡಿಯ ಹೊಟ್ಟೆಯನ್ನು, ಬಾಲವನ್ನಲ್ಲ.

ಚೇಳಂತೂ ಇನ್ನೂ ಮೋಜು. ಅದರ ಕೊಂಡಿಯನ್ನು ಬಾಲ ಅನ್ನುತ್ತೇವೆ, ಆದರೆ ಕರುಳು ಆ "ಬಾಲ"ದೊಳಗೇ ಹರಿದು, ಗುದ ವಿಷದ ಮುಳ್ಳಿನ ಬುಡದ ಹತ್ತಿರ ತೆರೆಯುತ್ತದೆ. ಇದನ್ನು ಹಿಡಿದು ನೋಡಲು ಹೋಗಬೇಡಿ, ನಂಬಿದರೆ ಸಾಕು.

ಕುಂಬಳೆ ಹತ್ತಿರದ ಅನಂತಪುರ ಸರೋವರ ದೇವಸ್ಥಾನದಲ್ಲಿ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರ್‌ನಲ್ಲಿ ತೀರಿಕೊಳ್ಳುವವರೆಗೂ ಇತ್ತು. ಅದು ದಡದಲ್ಲಿ ಮಲಗಿದ್ದ ಫೋಟೊ ಎಷ್ಟೋ ಮನೆಗಳಲ್ಲಿದೆ. ಹುಡುಕಿ ತೆಗೆದು ಹಿಂಗಾಲುಗಳನ್ನು ಗುರುತಿಸಿ. ಮೊಸಳೆಯ ಗುದದ್ವಾರ ಆ ಕಾಲುಗಳ ನಡುವೆ ಅಡಿಯಲ್ಲಿ ಇರುತ್ತದೆ. ಅಲ್ಲಿಂದಾಚೆಗೆ, ಮೈಯ ಸುಮಾರು ಅರ್ಧ ಉದ್ದ, ನಿಜವಾದ ಬಾಲ. ನಮ್ಮದು? ಎರಡು ತಿಂಗಳೊಳಗಿನ ಭ್ರೂಣಕ್ಕೆ ಇರುತ್ತದೆ, ಆಮೇಲೆ ಕರಗುತ್ತದೆ. ಜಾರಿ ಕೂತಾಗ ಕಣ್ಣೀರು ಬರಿಸುವ ಬಾಲಮೂಳೆ ಉಳಿದಿದೆ, ಸಾಮಾನ್ಯವಾಗಿ ನಾಲ್ಕು ಸಣ್ಣ ಮಣಿಗಳು ಕೂಡಿ ಆದದ್ದು.

ಹೆಜ್ಜೆ 7: ಥೈರಾಯ್ಡ್

ಇದನ್ನು ಮನೆಯಲ್ಲಿ ತೋರಿಸುವುದು ಕಷ್ಟ, ಹೇಳಿ ಮುಗಿಸಬೇಕು. ಸೋಸಿ ತಿನ್ನುವ ಸಣ್ಣ ಕಾರ್ಡೇಟ್‌ಗಳಲ್ಲಿ ಎಂಡೊಸ್ಟೈಲ್ ಅಂಟು ಸುರಿಸಿ ಆಹಾರದ ಕಣಗಳನ್ನು ಹಿಡಿಯುತ್ತದೆ. ಜೊತೆಗೆ ಅಯೋಡಿನ್ ಕೂಡ ಹಿಡಿದಿಟ್ಟುಕೊಳ್ಳುತ್ತದೆ. ಲ್ಯಾಂಪ್ರಿ ಎಂಬ ದವಡೆಯಿಲ್ಲದ ಮೀನಿನ ಮರಿಯಲ್ಲಿ ಎಂಡೊಸ್ಟೈಲ್ ಇರುತ್ತದೆ, ಮರಿ ದೊಡ್ಡದಾಗುವಾಗ ಅದೇ ಥೈರಾಯ್ಡ್ ಆಗಿ ಬದಲಾಗುತ್ತದೆ. ಇದು ಕಣ್ಣೆದುರೇ ನಡೆಯುವ ಬದಲಾವಣೆ ಆದ್ದರಿಂದ ಎರಡೂ ಒಂದೇ ಅಂಗದ ಎರಡು ರೂಪ ಅನ್ನುವುದಕ್ಕೆ ಬಲವಾದ ಸಾಕ್ಷಿ. ಅಯೋಡಿನ್ ಉಪ್ಪಿನ ಪ್ಯಾಕೆಟ್ ನಮ್ಮ ಅಡುಗೆಮನೆಗೆ ಬಂದದ್ದೂ ಆ ಗ್ರಂಥಿಗಾಗಿಯೇ.

ಹೆಜ್ಜೆ 8: ಮಳೆಗಾಲದಲ್ಲಿ ಗದ್ದೆಬದಿಗೆ ಹೋಗಿ

ಜೂನ್‌ನ ಮೊದಲ ಜೋರು ಮಳೆ ಮುಗಿದ ಮೇಲೆ ಗದ್ದೆ, ತೋಟದ ಕಣಿ, ನಿಂತ ನೀರು ಎಲ್ಲಿದ್ದರೂ ಗೊದಮೊಟ್ಟೆ ಸಿಗುತ್ತವೆ. ಹಿಡಿಯಬೇಡಿ, ಬಾಟಲಿಗೆ ತುಂಬಬೇಡಿ. ಒಂದೇ ಜಾಗ ಆರಿಸಿಕೊಂಡು ಮೂರು ನಾಲ್ಕು ದಿನಕ್ಕೊಮ್ಮೆ ಹೋಗಿ ಫೋಟೊ ತೆಗೆಯಿರಿ. ಗದ್ದೆಗೆ ಔಷಧಿ ಬಿಟ್ಟ ದಿನ ಇಳಿಯಬೇಡಿ.

ಶುರುವಿನಲ್ಲಿ ಗೊದಮೊಟ್ಟೆಗೆ ಬಾಲವೇ ಎಲ್ಲ. ಹೊರಗಿನ ಕಿವಿರು ಬೇಗ ಮುಚ್ಚಿ ಹೋಗುತ್ತದೆ, ಒಳಗಿನ ಕಿವಿರುಗಳಿಂದ ಉಸಿರಾಡುತ್ತದೆ. ಆಮೇಲೆ ಹಿಂಗಾಲು, ನಂತರ ಮುಂಗಾಲು. ಮುಂಗಾಲು ಬಂದ ಮೇಲೆ ಬಾಲ ದಿನದಿಂದ ದಿನಕ್ಕೆ ಗಿಡ್ಡವಾಗುತ್ತದೆ. ಅದು ಕಳಚಿ ಬೀಳುವುದಿಲ್ಲ, ದೇಹವೇ ಅದನ್ನು ಕರಗಿಸಿಕೊಳ್ಳುತ್ತದೆ. ಆ ದಿನಗಳಲ್ಲಿ ಗೊದಮೊಟ್ಟೆ ಹೆಚ್ಚಾಗಿ ಏನೂ ತಿನ್ನುವುದಿಲ್ಲ. ಬಾಯಿ, ಕರುಳು ಎರಡೂ ಹೊಸದಾಗಿ ರೂಪುಗೊಳ್ಳುತ್ತಿರುತ್ತವೆ.

ಇದಕ್ಕೆಲ್ಲ ಅಪ್ಪಣೆ ಕೊಡುವುದು ಏಳನೆಯ ಹೆಜ್ಜೆಯಲ್ಲಿ ಬಂದ ಥೈರಾಯ್ಡ್. 1912ರಲ್ಲಿ ಗುಡರ್‌ನಾಚ್ ಎಂಬ ವಿಜ್ಞಾನಿ ಗೊದಮೊಟ್ಟೆಗಳಿಗೆ ಥೈರಾಯ್ಡ್ ಗ್ರಂಥಿಯನ್ನು ತಿನ್ನಿಸಿ ನೋಡಿದರು. ಅವು ಬೆಳೆಯುವ ಮೊದಲೇ ಅವಸರ ಅವಸರವಾಗಿ ಪುಟಾಣಿ ಕಪ್ಪೆಗಳಾದವು.

ಈಗ ಮಕ್ಕಳನ್ನು ಕೇಳಿ: ದೊಡ್ಡ ಕಪ್ಪೆಗೆ ಬಾಲವಿಲ್ಲ, ಕಿವಿರಿಲ್ಲ, ಹಾಗಾದರೆ ಕಾರ್ಡೇಟ್ ಹೌದೋ ಅಲ್ಲವೋ? ಗದ್ದೆಬದಿಯಲ್ಲಿ ಎರಡು ವಾರ ನಿಂತ ಮಗು ತಡಮಾಡದೆ ಉತ್ತರ ಹೇಳುತ್ತದೆ.

ತೋಟಕ್ಕೆ ಹೋದಾಗ ಇನ್ನೊಂದು ಪರೀಕ್ಷೆ ಮಾಡಬಹುದು. ತರಗೆಲೆ, ಹಟ್ಟಿಗೊಬ್ಬರ ಎತ್ತಿದಲ್ಲಿ ಕೆಲವೊಮ್ಮೆ ದಪ್ಪ ಎರೆಹುಳದಂತೆ ಕಾಣುವ, ಮೈತುಂಬ ಉಂಗುರಗಳಿರುವ, ಕಾಲಿಲ್ಲದ ಪ್ರಾಣಿ ಸಿಗುತ್ತದೆ. ಸಿಸಿಲಿಯನ್ ಅಂತ ಅದರ ಹೆಸರು, ಕಪ್ಪೆಗಳ ಬಳಗಕ್ಕೆ ಸೇರಿದ್ದು. ಎರೆಹುಳಕ್ಕೂ ಉಂಗುರ, ಇದಕ್ಕೂ ಉಂಗುರ. ಆದರೆ ಇದಕ್ಕೆ ದವಡೆ ಇದೆ, ಹಲ್ಲು ಇದೆ, ಬೆನ್ನೆಲುಬು ಇದೆ. ಎರೆಹುಳಕ್ಕೆ ಮೂರೂ ಇಲ್ಲ. ಹಾವಿನ ಮರಿ ಅಂತ ಹೆದರಿ ಕೊಲ್ಲುವವರು ಬಹಳ. ಅದರಿಂದ ನಮಗೆ ಅಪಾಯವಿಲ್ಲ, ಸುಮ್ನೆ ಬಿಟ್ಟುಬಿಡಿ.

ಚಿಪ್ಪಿನ ವಿಷಯದಲ್ಲೂ ಹಾಗೆಯೇ. ಏಡಿಗೂ ಚಿಪ್ಪು, ಆಮೆಗೂ ಚಿಪ್ಪು. ಆಮೆಯ ಚಿಪ್ಪಿನ ಒಳಬದಿಯನ್ನು ನೋಡಿದರೆ ಬೆನ್ನೆಲುಬು, ಪಕ್ಕೆಲುಬು ಅದಕ್ಕೇ ಕೂಡಿಕೊಂಡಿರುತ್ತವೆ. 2023ರಲ್ಲಿ ಕಾಸರಗೋಡು ತನ್ನದೇ ಜಿಲ್ಲಾ ಪ್ರಾಣಿಯನ್ನು ಘೋಷಿಸಿಕೊಂಡಿತು. ಅದು ಚಂದ್ರಗಿರಿ ಹೊಳೆಯಲ್ಲಿರುವ ದೈತ್ಯ ಮೃದುಚಿಪ್ಪಿನ ಆಮೆ. ಅದರ ಮೇಲೆ ತೊಗಲಿನ ಹೊದಿಕೆ, ಒಳಗೆ ಮಾಮೂಲಿ ಮೂಳೆ.

ಹೆಜ್ಜೆ 9: ಬೆನ್ನೆಲುಬಿಲ್ಲದ ನೆಂಟರು

ಜೆಟ್ಟಿಯ ಕಂಬ, ದೋಣಿಯ ತಳ, ಕಡಲಲ್ಲಿ ಬಹುಕಾಲ ಮುಳುಗಿದ ಹಗ್ಗ, ಇಂಥ ಕಡೆ ಮೆತ್ತನೆಯ ಚೀಲಗಳಂತೆ ಅಂಟಿಕೊಂಡಿರುವ ಪ್ರಾಣಿಗಳಿವೆ. ಒತ್ತಿದರೆ ನೀರು ಚಿಮ್ಮುತ್ತದೆ. ಇಂಗ್ಲಿಷಿನಲ್ಲಿ ಸೀ ಸ್ಕ್ವರ್ಟ್. ಪಡನ್ನದಲ್ಲಿ ಹಗ್ಗಕ್ಕೆ ಕಟ್ಟಿ ಬೆಳೆಸುವ ಕಲ್ಲುಮ್ಮಕಾಯಿ ಎಂಬ ಚಿಪ್ಪುಜೀವಿಯ ಪಕ್ಕದಲ್ಲಿ ಇದನ್ನಿಟ್ಟರೆ ಎರಡೂ ಒಂದೇ ಜಾತಿ ಅಂದುಕೊಳ್ಳಬೇಕು. ಎರಡೂ ಕೂತಲ್ಲೇ ಕೂತು ನೀರು ಸೋಸಿ ತಿನ್ನುತ್ತವೆ. ಹಿಂದಿನ ವಿಜ್ಞಾನಿಗಳೂ ಸೀ ಸ್ಕ್ವರ್ಟನ್ನು ಮೃದ್ವಂಗಿಗಳ, ಅಂದರೆ ಬಸವನಹುಳು, ಮರುವಾಯಿ ಬಳಗದ, ಜೊತೆಗೇ ಸೇರಿಸಿದ್ದರು.

1866ರಲ್ಲಿ ರಷ್ಯದ ಅಲೆಕ್ಸಾಂಡರ್ ಕೊವಲೆವ್‌ಸ್ಕಿ ಅದರ ಮರಿಯ ಬೆಳವಣಿಗೆಯನ್ನು ವಿವರಿಸಿದಾಗ ಲೆಕ್ಕ ತಲೆಕೆಳಗಾಯಿತು. ಮರಿ ಗೊದಮೊಟ್ಟೆಯ ಹಾಗೆ ಈಜುತ್ತದೆ. ಬಾಲದಲ್ಲಿ ನೋಟೊಕಾರ್ಡ್ ಇದೆ, ಅದರ ಮೇಲೆ ಟೊಳ್ಳು ನರಹುರಿ ಇದೆ. ಹೆಚ್ಚಿನವು ಕೆಲವೇ ಗಂಟೆ ಈಜಿ, ಗಟ್ಟಿ ಜಾಗ ಸಿಕ್ಕಿದ ಕೂಡಲೇ ತಲೆ ಅಂಟಿಸಿಕೊಂಡು ಕೂರುತ್ತವೆ. ಬಾಲ, ನೋಟೊಕಾರ್ಡ್, ನರಹುರಿಯ ಬಹುಪಾಲು, ಎಲ್ಲ ಕರಗಿ ಹೋಗುತ್ತವೆ. ಗಂಟಲಿನ ಸೀಳುಗಳು ಮತ್ತು ಎಂಡೊಸ್ಟೈಲ್ ಮಾತ್ರ ಕೊನೆತನಕ ಉಳಿಯುತ್ತವೆ. ದೊಡ್ಡದನ್ನು ಮಾತ್ರ ನೋಡಿದವರು ಮೋಸಹೋದದ್ದರಲ್ಲಿ ಆಶ್ಚರ್ಯವಿಲ್ಲ. ಇದರ ಹೊರಕವಚದಲ್ಲಿ ಮರದಲ್ಲಿರುವ ಸೆಲ್ಯುಲೋಸ್ ಇದೆ, ಪ್ರಾಣಿಗಳಲ್ಲಿ ಇದು ತೀರಾ ಅಪರೂಪ.

ಇನ್ನೊಂದು ಲ್ಯಾನ್ಸ್‌ಲೆಟ್, ಪುಸ್ತಕದಲ್ಲಿ ಆಂಫಿಯಾಕ್ಸಸ್ ಅಂತ ಬರುವ ಪ್ರಾಣಿ. ಕೆಲವು ಸೆಂಟಿಮೀಟರ್ ಉದ್ದ, ಎರಡೂ ತುದಿ ಚೂಪು, ಕಡಲ ಮರಳಿನಲ್ಲಿ ಹುದುಗಿ ತಲೆ ಮಾತ್ರ ಹೊರಗಿಟ್ಟುಕೊಂಡಿರುತ್ತದೆ. ತಲೆಬುರುಡೆ ಇಲ್ಲ, ಬೆನ್ನೆಲುಬಿಲ್ಲ. ನೋಟೊಕಾರ್ಡ್ ಮಾತ್ರ ತಲೆಯ ತುದಿಯಿಂದ ಬಾಲದ ತುದಿಯವರೆಗೆ, ಸಾಯುವವರೆಗೆ. ಐದೂ ಗುರುತನ್ನು ದೊಡ್ಡದಾದ ಮೇಲೂ ಇಟ್ಟುಕೊಂಡಿರುವ ಇದನ್ನು 1774ರಲ್ಲಿ ಪಲ್ಲಾಸ್ ಎಂಬ ವಿಜ್ಞಾನಿ ಚಿಪ್ಪಿಲ್ಲದ ಬಸವನಹುಳು ಅಂತ ದಾಖಲಿಸಿದ್ದರು!

ನೋಡಲು ಮೀನಿನಂತಿರುವ ಲ್ಯಾನ್ಸ್‌ಲೆಟ್ಟೇ ನಮಗೆ ಹತ್ತಿರದ ನೆಂಟ ಅಂತ ಬಹುಕಾಲ ನಂಬಿಕೆಯಿತ್ತು. 2006ರಲ್ಲಿ ಜೀನ್‌ಗಳನ್ನು ಹೋಲಿಸಿ ನೋಡಿದಾಗ, ಕೂತಲ್ಲೇ ಕೂತಿರುವ ಸೀ ಸ್ಕ್ವರ್ಟ್ ಬಳಗವೇ ಹೆಚ್ಚು ಹತ್ತಿರ ಅಂತ ಬಂತು.

ಹೆಜ್ಜೆ 10: ಉತ್ತರ ಬರೆಯುವಾಗ

ಎರಡು ಪಕ್ಕ ಸಮವಾಗಿರುವುದು, ದೇಹದಲ್ಲಿ ಮೂರು ಪದರ ಇರುವುದು, ಒಳಗೆ ಕುಹರ ಇರುವುದು, ಮೈ ಭಾಗ ಭಾಗವಾಗಿರುವುದು, ಇವನ್ನು ಕಾರ್ಡೇಟ್‌ನ ವಿಶೇಷ ಲಕ್ಷಣ ಅಂತ ಬರೆಯಬೇಡಿ. ಇವೆಲ್ಲ ಎರೆಹುಳಕ್ಕೂ ಇವೆ. ಪ್ಲಸ್ ವನ್ ಪುಸ್ತಕ ಮೂಲ ಲಕ್ಷಣ ಅಂತ ಕೊಡುವುದು ಮೂರು: ನೋಟೊಕಾರ್ಡ್, ಬೆನ್ನಿನ ಕಡೆಯ ಟೊಳ್ಳು ನರಹುರಿ, ಗಂಟಲಿನ ಜೋಡಿ ಸೀಳುಗಳು. ಹೋಲಿಕೆಯ ಕೋಷ್ಟಕದಲ್ಲಿ ಬಾಲವೂ ಹೃದಯದ ಜಾಗವೂ ಸೇರುತ್ತವೆ. ಎಂಡೊಸ್ಟೈಲ್ ಅಲ್ಲಿ ಇಲ್ಲ. ಬರೆದರೆ ತಪ್ಪಲ್ಲ, ಆದರೆ ಅಂಕಕ್ಕೆ ಮೊದಲ ಮೂರನ್ನು ಬಿಡಬೇಡಿ.

ಬೆಲನೊಗ್ಲಾಸಸ್ ಅಂತ ಪ್ರಶ್ನೆ ಬಂದರೆ ಸ್ವಲ್ಪ ನಿಲ್ಲಿ. ಇದು ಏಕಾರ್ನ್ ಹುಳು ಎಂಬ ಕಡಲ ಹುಳಗಳ ಗುಂಪಿನದ್ದು. ಇವುಗಳ ನೆಂಟನೊಂದು ತಮಿಳುನಾಡಿನ ಕುರುಸಡೈ ದ್ವೀಪದ ಸುತ್ತ ಮರಳಿನಲ್ಲಿ ಸಿಗುತ್ತದೆ. ಬೆಲನೊಗ್ಲಾಸಸ್‌ಗೆ ಗಂಟಲಿನ ಸೀಳುಗಳು ನಿಜಕ್ಕೂ ಇವೆ. ಬಾಯಿಯ ಹತ್ತಿರ ಮುಂದಕ್ಕೆ ಚಾಚಿದ ಗಿಡ್ಡ ದಂಡವನ್ನು ನೋಟೊಕಾರ್ಡ್ ಅಂದುಕೊಂಡು ಹಿಂದೆ ಇದನ್ನು ಕಾರ್ಡೇಟ್ ಬಳಗಕ್ಕೆ ಸೇರಿಸಿದ್ದರು. ಅದು ನೋಟೊಕಾರ್ಡ್ ಅಲ್ಲ ಅಂತ ತೀರ್ಮಾನವಾಗಿ ಈಗ ಹೆಮಿಕಾರ್ಡೇಟ್ ಅಂತ ಬೇರೆಯೇ ವಂಶ ಮಾಡಿದ್ದಾರೆ. ಹಳೆಯ ಗೈಡುಗಳಲ್ಲಿ ಇನ್ನೂ ಹಳೆಯ ಲೆಕ್ಕವೇ ಇದೆ. ಅಣ್ಣನೋ ಅಕ್ಕನೋ ಬಿಟ್ಟುಹೋದ ಗೈಡು ಬಳಸುವವರು ಆ ಪುಟವನ್ನು ಪಠ್ಯಪುಸ್ತಕದ ಜೊತೆ ಇಟ್ಟು ಒಮ್ಮೆ ತಾಳೆ ನೋಡಿಕೊಳ್ಳಿ.